ಚಿತ್ರವನ್ನು ಹೆಕ್ಕಲು ಹೋದ ಕೈ

ಒಂಬತ್ತು ತಿಂಗಳ ಮಗುವಿನ ಮುಂದೆ ಒಂದು ಪುಸ್ತಕ ತೆರೆದಿಟ್ಟಿದೆ. ಪುಟದ ನಡುವೆ ಒಂದೇ ಒಂದು ವಸ್ತುವಿನ ಬಣ್ಣದ ಫೋಟೊ, ಸುತ್ತ ಖಾಲಿ ಹಾಳೆ. ಮಗು ಮೊದಲು ಚಿತ್ರವನ್ನು ಅಂಗೈಯಿಂದ ತಟ್ಟುತ್ತದೆ, ಆಮೇಲೆ ಸವರುತ್ತದೆ, ಕೊನೆಗೆ ಬೆರಳು ಕೂಡಿಸಿ ಅದನ್ನು ಹಾಳೆಯಿಂದ ಹೆಕ್ಕಿ ತೆಗೆಯಲು ನೋಡುತ್ತದೆ. ಬರುವುದಿಲ್ಲ. ಮತ್ತೆ ಹೆಕ್ಕುತ್ತದೆ. ಅಮೆರಿಕದ ಮನೋವಿಜ್ಞಾನಿ ಜೂಡಿ ಡೆಲೋಶ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮಾಡಿದವರು ಅಮೆರಿಕದ ಮಕ್ಕಳಷ್ಟೇ ಅಲ್ಲ; ಮನೆಯಲ್ಲಿ ಚಿತ್ರಪುಸ್ತಕವೆಂಬುದೇ ಅಪರೂಪವಾಗಿದ್ದ ಐವರಿ ಕೋಸ್ಟಿನ ಬೆಂಗ್ ಸಮುದಾಯದ ಕೂಸುಗಳೂ ಚಿತ್ರಕ್ಕೆ ಕೈ ಹಾಕಿದವು. ಹತ್ತೊಂಬತ್ತು ತಿಂಗಳ ಹೊತ್ತಿಗೆ ಅಮೆರಿಕದ ಮಕ್ಕಳಲ್ಲಿ ಈ ಹೆಕ್ಕಾಟ ಹೆಚ್ಚುಕಡಿಮೆ ನಿಂತುಹೋಗಿತ್ತು. ಅದೇ ಕೈ ಈಗ ಚಿತ್ರದತ್ತ ಬೆರಳು ಚಾಚಿ ‘ಅದು’ ಎಂದು ತೋರಿಸುತ್ತಿತ್ತು. ನಡುವಿನ ಹತ್ತು ತಿಂಗಳಲ್ಲಿ ಮಗು ಕಲಿತದ್ದು ಸಣ್ಣ ವಿಷಯವಲ್ಲ. ಹಾಳೆಯ ಮೇಲಿರುವುದು ವಸ್ತುವಲ್ಲ, ಆ ವಸ್ತುವಿನ ಕಡೆಗೆ ಕೈತೋರಿಸುವ ಬೇರೇನೋ ಒಂದು ಎಂಬ ತಿಳಿವಳಿಕೆ ಅದು. ಮುಂದೆ ಅಕ್ಷರ, ಅಂಕಿ, ನಕಾಶೆ ಎಲ್ಲವೂ ನಿಲ್ಲುವುದು ಈ ಅಡಿಪಾಯದ ಮೇಲೆ. ಪುಟ್ಟ ಮಕ್ಕಳಿಗೆ ಪುಸ್ತಕ ಆರಿಸುವ ಪ್ರಶ್ನೆಯನ್ನು ಬಣ್ಣ, ಬೆಲೆ, ‘ಎಷ್ಟು ಪದ ಇದೆ’ ಎಂಬ ಲೆಕ್ಕದಿಂದ ಶುರುಮಾಡುವ ಬದಲು ಈ ಹೆಕ್ಕುವ ಕೈಯಿಂದ ಶುರುಮಾಡುವುದು ವಾಸಿ.

ಚಿತ್ರವನ್ನು ಗುರುತಿಸುವುದಕ್ಕೂ ಚಿತ್ರವೆಂದು ಅರಿಯುವುದಕ್ಕೂ ವ್ಯತ್ಯಾಸವಿದೆ. ಗುರುತಿಸಲು ಪಾಠ ಬೇಕಿಲ್ಲ. 1962ರಲ್ಲಿ ಜೂಲಿಯನ್ ಹಾಕ್‌ಬರ್ಗ್ ಮತ್ತು ವರ್ಜೀನಿಯಾ ಬ್ರೂಕ್ಸ್ ವರದಿ ಮಾಡಿದ ಒಂದು ಮಗುವನ್ನು ಹತ್ತೊಂಬತ್ತು ತಿಂಗಳವರೆಗೆ ಚಿತ್ರಗಳಿಂದ ಆದಷ್ಟೂ ದೂರವಿಟ್ಟು ಬೆಳೆಸಲಾಗಿತ್ತು. ಆಮೇಲೆ ರೇಖಾಚಿತ್ರಗಳನ್ನು ತೋರಿಸಿದಾಗ ಅದು ತಡವರಿಸದೆ ಹೆಸರು ಹೇಳಿತು. ಹಾಗೆಂದು ಚಿತ್ರದಲ್ಲಿ ಕಲಿತದ್ದನ್ನು ಹೊರಗಿನ ಲೋಕಕ್ಕೆ ಹೊತ್ತೊಯ್ಯುವುದು ಅಷ್ಟು ಸಲೀಸಲ್ಲ. ಪುಸ್ತಕದಲ್ಲಿ ತೋರಿಸಿ ಹೊಸ ಹೆಸರೊಂದನ್ನು ಕಲಿಸಿದರೆ, ನಿಜವಾದ ವಸ್ತು ಎದುರು ಬಂದಾಗ ಆ ಹೆಸರು ನೆನಪಾಗಬೇಕಲ್ಲ? ಪೆಟ್ರೀಷಿಯಾ ಗಾನಿಯಾ ಮತ್ತು ಡೆಲೋಶ್ ತಂಡ 2008ರಲ್ಲಿ ಒಂದೂಕಾಲು, ಒಂದೂವರೆ ವರ್ಷದ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿತು. ಮಕ್ಕಳು ಹೆಸರನ್ನು ಹೊತ್ತೊಯ್ದರು, ಆದರೆ ಪುಸ್ತಕದಲ್ಲಿದ್ದದ್ದು ಫೋಟೊ ಅಥವಾ ಫೋಟೊದಂಥ ಚಿತ್ರವಾಗಿದ್ದಾಗ ಹೆಚ್ಚು, ಕಾರ್ಟೂನಿನ ರೀತಿಯದಾಗಿದ್ದಾಗ ಕಡಿಮೆ. ತಾಂಜಾನಿಯಾದ ಹಳ್ಳಿಗಳಲ್ಲಿ, ಚಿತ್ರದ ಒಡನಾಟವೇ ಇಲ್ಲದೆ ಬೆಳೆದ ಮಕ್ಕಳಲ್ಲಿ ಈ ಸಾಮರ್ಥ್ಯ ತಡವಾಗಿ ಬರುತ್ತದೆ ಎಂದು 2013ರ ಇನ್ನೊಂದು ಅಧ್ಯಯನ ತೋರಿಸಿತು. ಅಂದರೆ ಚಿತ್ರದಿಂದ ಕಲಿಯುವುದನ್ನೂ ಮಗು ಚಿತ್ರಗಳ ಒಡನಾಟದಲ್ಲೇ ಕಲಿಯಬೇಕು. ದುಂಡು ಮೂತಿ, ತಟ್ಟೆಯಗಲದ ಕಣ್ಣು, ನೀಲಿ ಮೈಯ ಹಸು ನಮಗೆ ಮುದ್ದೆನಿಸಬಹುದು. ಹಸುವನ್ನೇ ಇನ್ನೂ ಸರಿಯಾಗಿ ಕಾಣದ ಒಂದೂವರೆ ವರ್ಷದ ಮಗುವಿಗೆ ಅದು ಹಸುವಿನ ಸುದ್ದಿ ಹೇಳುವುದು ಕಡಿಮೆ.

ಇದಕ್ಕಿಂತ ಸೋಜಿಗದ ಪ್ರಯೋಗ 1987ರದು. ಒಂದು ಕೋಣೆ, ಅದರ ಪುಟಾಣಿ ಮಾದರಿ ಇನ್ನೊಂದು ಕಡೆ. ಮಾದರಿಯ ಪುಟ್ಟ ಸೋಫಾದ ಹಿಂದೆ ಪುಟ್ಟ ಬೊಂಬೆಯನ್ನು ಮಗುವಿನ ಕಣ್ಣೆದುರೇ ಅಡಗಿಸಿ, ‘ದೊಡ್ಡ ಬೊಂಬೆ ದೊಡ್ಡ ಕೋಣೆಯಲ್ಲಿ ಇದೇ ಜಾಗದಲ್ಲಿದೆ, ಹುಡುಕು’ ಎನ್ನುತ್ತಿದ್ದರು. ಮೂರು ವರ್ಷದ ಮಗು ನೇರ ಸೋಫಾದ ಹಿಂದೆ ಹೋಗುತ್ತಿತ್ತು. ಎರಡೂವರೆ ವರ್ಷದ್ದು ಕೋಣೆಯಲ್ಲಿ ದಿಕ್ಕುಗಾಣದೆ ತಡಕಾಡುತ್ತಿತ್ತು. ಮರೆವಿನಿಂದಲ್ಲ, ಮಾದರಿಯಲ್ಲಿ ಪುಟ್ಟ ಬೊಂಬೆ ಎಲ್ಲಿದೆ ಎಂದು ಕೇಳಿದರೆ ಸರಿಯಾಗಿ ತೆಗೆದುಕೊಡುತ್ತಿತ್ತು. ಮಾದರಿಯ ಬದಲು ಕೋಣೆಯ ಚಪ್ಪಟೆ ಚಿತ್ರ ತೋರಿಸಿದರೆ ಅದೇ ವಯಸ್ಸಿನ ಮಕ್ಕಳು ಗೆದ್ದರು! ದೊಡ್ಡವರ ಲೆಕ್ಕದಲ್ಲಿ ಇದು ತಲೆಕೆಳಗು. ಮುಟ್ಟಿ ನೋಡಬಹುದಾದ, ಮೂರು ಆಯಾಮದ, ಥೇಟ್ ಕೋಣೆಯಂತೆಯೇ ಇರುವ ವಸ್ತು ಸೋತು, ಹಾಳೆ ಗೆಲ್ಲುವುದೇ? ಡೆಲೋಶ್ ಕೊಟ್ಟ ವಿವರಣೆ ಸರಳ. ಮಾದರಿ ತಾನೇ ಒಂದು ಚೆಂದದ ಆಟಿಕೆ. ಅದನ್ನು ಆಟಿಕೆಯೆಂದು ಕಂಡ ಮಗುವಿಗೆ ಅದು ಬೇರೊಂದರ ಗುರುತೂ ಹೌದು ಎಂದು ಅದೇ ಹೊತ್ತಿಗೆ ಕಾಣುವುದಿಲ್ಲ. ಈ ಊಹೆಯನ್ನು ಆಕೆ ಎರಡೂ ಕಡೆಯಿಂದ ಪರೀಕ್ಷಿಸಿದರು. ಮಾದರಿಯನ್ನು ಗಾಜಿನ ಹಿಂದಿಟ್ಟು ಮುಟ್ಟಲಾಗದಂತೆ ಮಾಡಿದಾಗ ಎರಡೂವರೆ ವರ್ಷದವರು ಸುಧಾರಿಸಿದರು. ಮೂರು ವರ್ಷದವರನ್ನು ಮೊದಲು ಮಾದರಿಯೊಡನೆ ಸಾಕಷ್ಟು ಆಡಲು ಬಿಟ್ಟಾಗ ಅವರು ಹಿಂದೆ ಬಿದ್ದರು. ಆಟಿಕೆಯ ಗುಣ ಹೆಚ್ಚಿದಷ್ಟೂ ಗುರುತಿನ ಗುಣ ಮಸುಕಾಗುತ್ತದೆ.

ಈಗ ಮಕ್ಕಳ ಪುಸ್ತಕದ ಅಂಗಡಿಗೆ ಬನ್ನಿ. ಕಣ್ಣಿನ ಮಟ್ಟದ ಕಪಾಟಿನಲ್ಲಿ ಕೂತಿರುವುದು ಯಾವುವು? ತೆರೆದರೆ ಎದ್ದು ನಿಲ್ಲುವ ಸಿಂಹ, ಎಳೆದರೆ ಹೊರಬರುವ ನಾಲಿಗೆ, ಒತ್ತಿದರೆ ಅರಚುವ ಗುಂಡಿ, ಸವರಲು ಮೆತ್ತನೆಯ ರೋಮ. ಮೇಲೆ ‘ಕಲಿಕೆ’, ‘ಮೆದುಳಿನ ಬೆಳವಣಿಗೆ’ ಎಂಬ ಮೊಹರು. ಬೆಲೆಯೂ ಸಾದಾ ಪುಸ್ತಕಕ್ಕಿಂತ ಹೆಚ್ಚು. ಡೆಲೋಶ್ ಬಳಗ 2010ರಲ್ಲಿ ಇದನ್ನೇ ಕೈಗೆತ್ತಿಕೊಂಡಿತು. ಒಂದೂವರೆಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರಾಣಿಗಳ ಹೆಸರು, ಅವುಗಳ ಬಗ್ಗೆ ಒಂದೆರಡು ಸಂಗತಿ ಕಲಿಸಲು ಎದ್ದು ನಿಲ್ಲುವ ಪುಸ್ತಕವನ್ನೂ ಸಾದಾ ಪುಸ್ತಕವನ್ನೂ ಬಳಸಿದರು. ಹೆಚ್ಚು ಕಲಿತದ್ದು ಸಾದಾ ಪುಸ್ತಕದ ಮಕ್ಕಳು. 2012ರಲ್ಲಿ ಇಂಗ್ಲಿಷ್ ಅಕ್ಷರಮಾಲೆಯ ಪುಸ್ತಕಗಳಲ್ಲೂ ಅದೇ ಫಲಿತಾಂಶ: ಎಳೆಯುವ, ಬಿಚ್ಚುವ ಸಲಕರಣೆಗಳಿದ್ದ ಪುಸ್ತಕದಿಂದ ಮಕ್ಕಳು ಕಲಿತ ಅಕ್ಷರಗಳೇ ಕಡಿಮೆ. ಹಾಗಾಗಿ ನನ್ನ ವಾದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪುಟದ ಮೇಲೆ ಎಷ್ಟು ತುಂಬಿದ್ದಾರೆ ಎಂಬುದು ಪುಸ್ತಕದ ಅಳತೆಗೋಲಲ್ಲ. ಪುಟ ತನ್ನತ್ತ ಎಳೆದುಕೊಳ್ಳುತ್ತದೋ, ತನ್ನಾಚೆಗಿನ ವಸ್ತುವಿನತ್ತ ಕೈತೋರುತ್ತದೋ ಎಂಬುದೇ ಅಳತೆಗೋಲು.

‘ಆಕರ್ಷಣೆಯೇ ಇಲ್ಲದಿದ್ದರೆ ಮಗು ಪುಸ್ತಕ ಮುಟ್ಟುವುದಾದರೂ ಏಕೆ?’ ಎಂದು ಯಾರಾದರೂ ಕೇಳಿದರೆ ಅದು ತೂಕದ ಪ್ರಶ್ನೆಯೇ. ವರ್ಷ ತುಂಬದ ಮಗುವಿಗೆ ಪುಸ್ತಕವೆಂದರೆ ಕಚ್ಚುವ, ಬೀಸಿ ಒಗೆಯುವ ಸಾಮಾನು. ಅದಕ್ಕೆ ದಪ್ಪ ರಟ್ಟಿನ ಅಥವಾ ಬಟ್ಟೆಯ ಪುಸ್ತಕ ಕೊಟ್ಟು ಆಡಲು ಬಿಟ್ಟರೆ ನಷ್ಟವೇನಿಲ್ಲ. ಆದರೆ ಅಲ್ಲಿ ನಡೆಯುವುದು ಆಟ, ಪಾಠವಲ್ಲ ಎಂದು ತಿಳಿದಿದ್ದರೆ ಸಾಕು. ಇನ್ನು ದೊಡ್ಡ ಮಕ್ಕಳ ವಿಷಯದಲ್ಲಿ, ಸಲಕರಣೆಯೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎರಿಕ್ ಕಾರ್ಲ್ 1969ರಲ್ಲಿ ರಚಿಸಿದ ಹಸಿದ ಕಂಬಳಿಹುಳುವಿನ ಪುಸ್ತಕದ ಪುಟಗಳಲ್ಲಿ ತೂತುಗಳಿವೆ. ಆ ತೂತು ಹುಳು ತಿಂದು ಮಾಡಿದ್ದು. ಮಗುವಿನ ಬೆರಳು ಅದರೊಳಗೆ ತೂರಿದಾಗ ಕಥೆಯೊಳಗೇ ತೂರುತ್ತದೆ. ಎರಿಕ್ ಹಿಲ್‌ನ 1980ರ ನಾಯಿಮರಿ ಪುಸ್ತಕದಲ್ಲಿ ಮರಿ ಎಲ್ಲಿದೆ ಎಂದು ಹುಡುಕಲು ಕಾಗದದ ಮಡಿಕೆ ಎತ್ತಬೇಕು; ಎತ್ತುವುದೇ ಹುಡುಕುವುದು. ಇಲ್ಲಿ ಸಲಕರಣೆ ವಿಷಯದ ಕೂಲಿಯಾಳು. ಎದ್ದು ನಿಲ್ಲುವ ಸಿಂಹದಲ್ಲಿ ಅದು ಯಜಮಾನ. ಸಿಂಹದ ಬದಲು ಮೇಜು ಎದ್ದು ನಿಂತಿದ್ದರೂ ಮಗು ಅಷ್ಟೇ ಖುಷಿಪಡುತ್ತಿತ್ತು.

ಕನ್ನಡದ ಅಕ್ಷರ ಪುಸ್ತಕಕ್ಕೆ ಬಂದರೆ ಈ ವಾದಕ್ಕೆ ಬೇರೆಯೇ ಮೊನಚು ಬರುತ್ತದೆ. ನಮ್ಮ ಲಿಪಿಯಲ್ಲಿ ಅಕ್ಷರದಿಂದ ಅಕ್ಷರಕ್ಕಿರುವ ಅಂತರ ಒಮ್ಮೊಮ್ಮೆ ಒಂದು ಗೀಟು, ಒಂದು ಚುಕ್ಕೆ. ‘ಪ’ದ ಹೊಟ್ಟೆ ಸೀಳಿದರೆ ‘ಷ’, ಬುಡ ಸೀಳಿದರೆ ‘ಫ’. ‘ರ’ದ ನಡುವೆ ಚುಕ್ಕೆ ಬಿದ್ದರೆ ‘ಠ’. ‘ಡ’ಕ್ಕೂ ‘ಢ’ಕ್ಕೂ ನಡುವೆ ಇರುವುದು ಅಡಿಯ ಒಂದು ಸೀಳು. ಇಂಥ ಲಿಪಿಯ ‘ರ’ಕ್ಕೆ ಕಣ್ಣು ಬಾಯಿ ಬರೆದು, ಬಾಲ ಅಂಟಿಸಿ, ತಲೆಗೆ ಟೋಪಿ ಹಾಕಿ ನಗಿಸಿದರೆ ಮಗು ಯಾವುದನ್ನು ಅಕ್ಷರದ ಭಾಗವೆಂದು ತಿಳಿಯಬೇಕು? ಕಣ್ಣಿಗೆಂದು ಇಟ್ಟ ಚುಕ್ಕೆ ಅದನ್ನು ‘ಠ’ ಮಾಡಿಬಿಟ್ಟಿದೆ ಎಂಬುದು ಚಿತ್ರಕಾರನಿಗೂ ಹೊಳೆದಿರುವುದಿಲ್ಲ. ಇಂಗ್ಲಿಷ್ ‘ಬಿ’ಗೆ ರೆಕ್ಕೆ ಹಚ್ಚಿ ಜೇನುನೊಣ ಮಾಡಿದ್ದನ್ನು ನೋಡಿ ನಕಲು ಹೊಡೆದರೆ ಆಗುವ ಎಡವಟ್ಟು ಇದು. ಇನ್ನು ಅಕ್ಷರದ ಪಕ್ಕದ ಚಿತ್ರ. ‘ಅ’ಕ್ಕೆ ಅಳಿಲು, ‘ಊ’ಗೆ ಊಟ, ಸರಿ. ‘ಈ’ಗೆ ಈಳಿಗೆಮಣೆ ಬರೆದರೆ ಚಾಕುವಿನ ಅಡುಗೆಮನೆಯ ಮಗುವಿಗೆ ಅದು ಯಾವುದೋ ವಿಚಿತ್ರ ಪ್ರಾಣಿ. ‘ಠ’ಕ್ಕೆ ಠಸ್ಸೆ, ‘ಢ’ಕ್ಕೆ ಢಕ್ಕೆ ಎಂದರೆ ಅಕ್ಷರಕ್ಕಿಂತ ಪದವೇ ದೊಡ್ಡ ಒಗಟು. ‘ಐ’ಗೆ ಬಿಳಿ ಆನೆ ಬರೆದು ಐರಾವತ ಎಂದರೆ ಮಗು ‘ಆನೆ’ ಎನ್ನುತ್ತದೆ, ಅಂದರೆ ‘ಆ’ದ ಪುಟಕ್ಕೆ ಮರಳುತ್ತದೆ, ಬಸ್ ನಿಲ್ದಾಣ ಬಲ್ಲ ಮಕ್ಕಳಿಗಂತೂ ಐರಾವತವೆಂದರೆ ಕೆಎಸ್‌ಆರ್‌ಟಿಸಿ ವೋಲ್ವೊ. ‘ಣ’ದಿಂದ ಶುರುವಾಗುವ ಪದವೇ ನಮ್ಮಲ್ಲಿಲ್ಲ, ಆದ್ದರಿಂದ ಬಾಣ, ಹಣ ಎಂದು ಹಾಕುತ್ತಾರೆ. ಅದು ಪ್ರಾಮಾಣಿಕ ದಾರಿ. ಆದರೆ ಪಕ್ಕದಲ್ಲಿ ‘ಬಾ’ ಮಂಕಾಗಿ ‘ಣ’ ದಪ್ಪವಾಗಿ ಅಚ್ಚಾಗಿರಬೇಕು. ಚಿತ್ರ ಅಕ್ಷರದತ್ತ ಕೈತೋರಬೇಕು ಎಂಬ ಒಂದೇ ನಿಯಮ ಹಿಡಿದು ನೋಡಿದರೆ ಯಾವ ಅಕ್ಷರಮಾಲೆ ಪುಸ್ತಕದ ಯೋಗ್ಯತೆಯೂ ಐದು ನಿಮಿಷದಲ್ಲಿ ಬಯಲಾಗುತ್ತದೆ.

ಅಕ್ಷರ ಕಲಿಸುವ ಅವಸರಕ್ಕೆ ಕಾರಣವೂ ಇಲ್ಲ. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ಕನ್ನಡದಲ್ಲಿ ಕಾಗುಣಿತ ಸೇರಿಸಿದರೆ ಅಕ್ಷರರೂಪಗಳು ನಾನೂರನ್ನು ದಾಟುತ್ತವೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ನಾಲ್ಕು ತರಗತಿಗಳ ಕೆಲಸವನ್ನು ಮೂರನೇ ವಯಸ್ಸಿಗೇ ಮುಗಿಸುತ್ತೇನೆ ಎನ್ನುವ ಪುಸ್ತಕ ಮಾರುತ್ತಿರುವುದು ಪೋಷಕರ ಆತಂಕವನ್ನು.

ಚಟುವಟಿಕೆ ಪುಸ್ತಕಗಳ ಪೈಕಿ ನಮಗೆ ಚಿರಪರಿಚಿತವಾದದ್ದು ಚುಕ್ಕಿಗಳ ಮೇಲೆ ಪೆನ್ಸಿಲ್ ಎಳೆಸುವ ತಿದ್ದುವ ಪುಸ್ತಕ. ಅಕ್ಷರ ದುಂಡಗಾಗುತ್ತದೆ ಎಂಬುದು ನಂಬಿಕೆ. ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಂದ ಅಕ್ಷರಗಳನ್ನು ಮೂರು ಬಗೆಯಲ್ಲಿ ಮೂಡಿಸಿದರು: ಕೀಲಿಮಣೆ ಒತ್ತಿ, ಚುಕ್ಕಿ ಗೆರೆ ತಿದ್ದಿ, ಖಾಲಿ ಜಾಗದಲ್ಲಿ ತಾವಾಗಿ ಬರೆದು. ಆಮೇಲೆ ಅವೇ ಅಕ್ಷರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ತೆಗೆದಾಗ, ಓದುವಾಗ ಕೆಲಸ ಮಾಡುವ ಭಾಗಗಳು ಚುರುಕಾದದ್ದು ತಾವಾಗಿ ಬರೆದ ಅಕ್ಷರಗಳಿಗೆ. ತಿದ್ದಿದ್ದಕ್ಕೂ ಒತ್ತಿದ್ದಕ್ಕೂ ಅಷ್ಟು ಪರಿಣಾಮ ಕಾಣಲಿಲ್ಲ. ಪ್ರಯೋಗದಲ್ಲಿದ್ದ ಮಕ್ಕಳು ಕೆಲವೇ ಮಂದಿ, ಆದ್ದರಿಂದ ಇದನ್ನು ಕೊನೆಯ ಮಾತೆನ್ನಲಾಗದು. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ತಾನಾಗಿ ಬರೆದ ‘ಅ’ ಪ್ರತಿಸಲ ಬೇರೆ ಬೇರೆ ಸೊಟ್ಟಾಗಿರುತ್ತದೆ. ಎಷ್ಟು ಸೊಟ್ಟಾದರೂ ‘ಅ’ವನ್ನು ‘ಅ’ ಮಾಡುವುದು ಏನು ಎಂದು ಮಗು ಆಗ ತಿಳಿಯುತ್ತದೆ. ಚುಕ್ಕಿಯ ಹಿಂದೆ ಹೋಗುವ ಪೆನ್ಸಿಲಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಒಂದು ಸಾಲು ತಿದ್ದಲು, ಉಳಿದ ಅರ್ಧ ಪುಟ ಖಾಲಿ ಬಿಟ್ಟಿರುವ ಪುಸ್ತಕ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಸ್ಲೇಟು ಬಳಪ ಇದ್ದೇ ಇದೆ. ಜಿಗ್‌ಸಾ ಜೋಡಣೆಯ ಪರವಾಗಿಯೂ ಒಂದು ಮಾತು ಇದೆ. ಷಿಕಾಗೊದಲ್ಲಿ ಸೂಸನ್ ಲೆವಿನ್ ತಂಡ 53 ಮಕ್ಕಳನ್ನು ಎರಡರಿಂದ ನಾಲ್ಕು ವರ್ಷದ ನಡುವೆ ಅವರವರ ಮನೆಯಲ್ಲೇ ಗಮನಿಸಿತು. ಜೋಡಣೆ ಆಡುತ್ತಿದ್ದವರು ನಾಲ್ಕೂವರೆ ವರ್ಷಕ್ಕೆ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದರಲ್ಲಿ ಮುಂದಿದ್ದರು. ಜೋಡಣೆಯೇ ಕಾರಣವೋ, ಆ ಒಲವಿದ್ದ ಮಕ್ಕಳೇ ಜೋಡಣೆ ಆಡಿದರೋ ಎಂದು ಈ ಬಗೆಯ ಅಧ್ಯಯನ ತೀರ್ಮಾನಿಸಲಾರದು. ಬಣ್ಣ ತುಂಬುವ ಪುಸ್ತಕದಿಂದ ಬೆರಳಿಗೆ ಹದ, ಮನೆಯವರಿಗೆ ಅರ್ಧ ಗಂಟೆ ವಿಶ್ರಾಂತಿ.

ಪುಟದ ಗಿಜಿಗಿಜಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಓದಲು ಕಲಿಯುತ್ತಿರುವ ಮಕ್ಕಳ ಕಥೆಪುಸ್ತಕವೊಂದರಿಂದ ಕಥೆಗೆ ಸಂಬಂಧಪಡದ ಚಿತ್ರವಿವರಗಳನ್ನು ಅಳಿಸಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2020ರಲ್ಲಿ ಕಣ್ಣಿನ ಚಲನೆ ಅಳೆದರು. ವಿವರ ಕಡಿಮೆಯಾದಾಗ ಕಣ್ಣು ಸಾಲುಗಳಿಂದ ತಪ್ಪಿಸಿಕೊಂಡು ಹೋಗುವುದೂ ಕಡಿಮೆಯಾಯಿತು, ಕಥೆ ಹೆಚ್ಚು ಅರ್ಥವಾಯಿತು. ಇಂಗ್ಲೆಂಡಿನ ಸಸೆಕ್ಸಿನಲ್ಲಿ ಜೋ ಫ್ಲ್ಯಾಕ್ ಮತ್ತು ಜೆಸ್ಸಿಕಾ ಹಾರ್ಸ್ಟ್ ಕಂಡದ್ದು ಇನ್ನೂ ಸರಳ: ಎದುರುಬದುರು ಪುಟಗಳಲ್ಲಿ ಎರಡು ಚಿತ್ರ ಇದ್ದಾಗಿನದಕ್ಕಿಂತ ಒಂದೇ ಇದ್ದಾಗ ಮೂರು ವರ್ಷದ ಮಕ್ಕಳು ಹೆಚ್ಚು ಹೊಸ ಪದ ಕಲಿತರು. ಎರಡು ಚಿತ್ರವಿದ್ದ ಕಡೆ ಓದುವವರು ಯಾವ ಪುಟ ಎಂದು ಕೈಯಾಡಿಸಿ ತೋರಿಸಿದರೆ ಆ ಕೊರತೆ ನೀಗಿತು. ಜಾತ್ರೆ, ಸಂತೆ, ರೈಲು ನಿಲ್ದಾಣದ ತುಂಬಿ ತುಳುಕುವ ಚಿತ್ರಗಳನ್ನು ಹಾಗಾದರೆ ಬಿಸಾಡಬೇಕೆ? ಬೇಡ. ಅಲ್ಲಿ ಜಂಗುಳಿಯೇ ವಿಷಯ. ನಾಲ್ಕು ದಾಟಿದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಳೆಗಾರ ಎಲ್ಲಿ, ಮಂಡಕ್ಕಿ ಯಾರು ತಿನ್ನುತ್ತಿದ್ದಾರೆ ಎಂದು ಹುಡುಕಿಸುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಪುಟವಿಲ್ಲ. ಎಣಿಕೆ ಕಲಿಸುವ ಪುಟವನ್ನು ಜಾತ್ರೆ ಮಾಡಿದರೆ ಮಾತ್ರ ತೊಂದರೆ.

ಮಾತಾಡುವ ಪ್ರಾಣಿಗಳ ವಿಷಯದಲ್ಲಿ ನಮ್ಮವರು ಸಿಟ್ಟಾಗುವುದು ಸಹಜ. ಪಂಚತಂತ್ರದ ನಾಡಿನಲ್ಲಿ ನರಿ ಮಾತಾಡಬಾರದೆಂದರೆ ಹೇಗೆ? ಸಾಕ್ಷ್ಯ ಹೇಳುವುದು ಅದಲ್ಲ. ಗಾನಿಯಾ ಮತ್ತು ಸಂಗಡಿಗರು 2014ರಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಅಪರಿಚಿತ ಪ್ರಾಣಿಗಳ ಪುಸ್ತಕ ಓದಿ ಹೇಳಿದರು. ಪ್ರಾಣಿಗಳು ಮನುಷ್ಯರಂತೆ ನಡೆದುಕೊಳ್ಳುವ ಪುಸ್ತಕ ಕೇಳಿದ ಮಕ್ಕಳು ಆ ಪ್ರಾಣಿಗಳ ಬಗ್ಗೆ ನಿಜ ಸಂಗತಿ ಕಡಿಮೆ ಕಲಿತರು, ಅವು ಮಾತಾಡುತ್ತವೆ ಎಂದು ಹೆಚ್ಚು ನಂಬಿದರು. ತಪ್ಪು ನರಿಯದಲ್ಲ. ‘ನಮ್ಮ ಕಾಡಿನ ಪ್ರಾಣಿಗಳು’ ಎಂದು ಹೆಸರಿಟ್ಟು ಒಳಗೆ ಚಡ್ಡಿ ತೊಟ್ಟ ಕರಡಿ ಕೂರಿಸುವುದು ತಪ್ಪು. ಕಥೆಯನ್ನು ಕಥೆಯಾಗಿ, ಪ್ರಾಣಿಯನ್ನು ಪ್ರಾಣಿಯಾಗಿ ಕೊಡುವ ಎರಡು ಬೇರೆ ಪುಸ್ತಕಗಳು ಮನೆಯಲ್ಲಿರಲಿ. ನೀತಿಗಾಗಿ ಪ್ರಾಣಿಕಥೆ ಎಂಬ ವಾದಕ್ಕೂ ಒಂದು ತೊಡಕಿದೆ. ಟೊರಾಂಟೊದಲ್ಲಿ ಹಂಚಿಕೊಳ್ಳುವುದರ ಬಗ್ಗೆ ಒಂದೇ ಕಥೆಯನ್ನು ಎರಡು ರೀತಿ ಓದಿದಾಗ, ಮನುಷ್ಯ ಪಾತ್ರಗಳ ಕಥೆ ಕೇಳಿದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿದರು. ಪ್ರಾಣಿ ಪಾತ್ರಗಳದ್ದು ಕೇಳಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಪಂಚತಂತ್ರವನ್ನು ಅದರ ರುಚಿಗಾಗಿ ಓದಿ, ಮಗು ಸಜ್ಜನವಾಗಲೆಂಬ ಮದ್ದಾಗಿ ಅಲ್ಲ.

‘ಇವೆಲ್ಲ ಅಮೆರಿಕ, ಕೆನಡಾ, ಇಂಗ್ಲೆಂಡಿನ ಪುಟ್ಟ ಪುಟ್ಟ ಪ್ರಯೋಗಗಳು, ನಮಗೇಕೆ?’ ಎನ್ನುವ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಯಾವ ಪುಸ್ತಕ ಎಷ್ಟು ಕಲಿಸಿತು ಎಂಬ ಲೆಕ್ಕವನ್ನು ಹಾಗೇ ತಂದು ಇಲ್ಲಿಗೆ ಅಂಟಿಸಲಾಗದು. ಆದರೆ ಐವರಿ ಕೋಸ್ಟಿನ ಕೂಸು ಚಿತ್ರವನ್ನು ಹೆಕ್ಕಲು ಹೋದದ್ದು, ಗಾಜಿನ ಹಿಂದಿನ ಕೋಣೆ ಮುಟ್ಟುವ ಕೋಣೆಯನ್ನು ಸೋಲಿಸಿದ್ದು, ಮಗುವಿನ ಮನಸ್ಸಿನ ನಡೆಯನ್ನು ಹೇಳುತ್ತವೆ. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಪುಸ್ತಕದ ಗುಣಕ್ಕಿಂತ ಓದುವವರ ಮಾತು ಮುಖ್ಯವಲ್ಲವೇ? ಹೌದು. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ತಂಡ ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಯರಿಗೆ ಒಂದೇ ತಿಂಗಳು ಕಲಿಸಿದ್ದಿಷ್ಟು: ಸುಮ್ಮನೆ ಓದಿ ಮುಗಿಸಬೇಡಿ, ‘ಇವನು ಏನು ಮಾಡುತ್ತಿದ್ದಾನೆ?’ ಎಂದು ಕೇಳಿ, ಮಗು ಹೇಳಿದ್ದಕ್ಕೆ ಒಂದು ಪದ ಸೇರಿಸಿ ಹಿಂತಿರುಗಿಸಿ. ಅಷ್ಟೇ ಸಲ ಓದಿದ ಇನ್ನೊಂದು ಗುಂಪಿಗಿಂತ ಆ ಮಕ್ಕಳ ಮಾತು ಮುಂದೆ ಹೋಯಿತು. ಇದು ನನ್ನ ವಾದವನ್ನು ಕೆಡವುವುದಿಲ್ಲ, ಎತ್ತಿ ಹಿಡಿಯುತ್ತದೆ. ಗುಂಡಿ ಒತ್ತಿದರೆ ತಾನೇ ಮಾತಾಡುವ ಪುಸ್ತಕ ಮನೆಯವರ ಬಾಯಿ ಮುಚ್ಚಿಸುತ್ತದೆ. 2019ರಲ್ಲಿ ಮಿಷಿಗನ್‌ನಲ್ಲಿ ಟ್ಯಾಬ್ಲೆಟ್ ಪುಸ್ತಕವನ್ನೂ ಕಾಗದದ ಪುಸ್ತಕವನ್ನೂ ಹೋಲಿಸಿದಾಗ ತಂದೆತಾಯಿ ಮತ್ತು ಮಗುವಿನ ನಡುವೆ ಹೆಚ್ಚು ಮಾತು ಹುಟ್ಟಿದ್ದು ಕಾಗದದ ಮುಂದೆ. ಸಾದಾ ಪುಟ ಮಾತಿಗೆ ಜಾಗ ಬಿಡುತ್ತದೆ.

ಕನ್ನಡದಲ್ಲಿ ಪುಟ್ಟ ಮಕ್ಕಳ ಪುಸ್ತಕ ಸಾಲದು ಎಂಬ ದೂರು ನಿಜ. ಆದರೂ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಬೇಕಾದುದನ್ನು ಮುದ್ರಿಸಿಕೊಳ್ಳಬಹುದು. ಚೆನ್ನೈನ ತೂಲಿಕಾ, ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ತರುತ್ತವೆ. ಮತ್ತು ಮನೆಗೆ ನೂರು ಪುಸ್ತಕ ಬೇಕಿಲ್ಲ. ಹಾರ್ಸ್ಟ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಮೂರು ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿ ಎರಡಕ್ಕೂ ಅವೇ ಹೊಸ ಪದಗಳನ್ನು ಕಲಿಸಿದರು. ಒಂದು ಗುಂಪಿಗೆ ಬೇರೆ ಬೇರೆ ಕಥೆಗಳಲ್ಲಿ, ಇನ್ನೊಂದಕ್ಕೆ ಅದೇ ಕಥೆಯನ್ನು ಮತ್ತೆ ಮತ್ತೆ ಓದಿ. ಪದಗಳು ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಅಷ್ಟೇ ಸಲ. ಒಂದು ವಾರದ ಬಳಿಕ ಕೇಳಿದಾಗ ಪದ ನೆನಪಿದ್ದದ್ದು ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರಿಗೆ. ಹಾಗಾಗಿ ನಿಮ್ಮ ಮಗು ನಿನ್ನೆಯ ಪುಸ್ತಕವನ್ನೇ ಇವತ್ತೂ ಎಳೆದು ತಂದರೆ ಬೇಸರಿಸಬೇಡಿ, ಓದಿ.